ಹೆಣ್ಣಿಲಿಯ ದವಡೆ ನೋವು ಮತ್ತು ಅಮೆರಿಕದ ಹಾರ್ಮೋನ್ ಜಗಳ

2025ರ ಮಾರ್ಚ್ 4ರಂದು ಅಮೆರಿಕದ ಸಂಸತ್ತಿನ ಮುಂದೆ ಮಾತನಾಡುತ್ತಾ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸರ್ಕಾರಿ ದುಂದುವೆಚ್ಚದ ಪಟ್ಟಿಯೊಂದನ್ನು ಓದಿದರು. ಇಲಿಗಳನ್ನು ಟ್ರಾನ್ಸ್‌ಜೆಂಡರ್ ಮಾಡುವುದಕ್ಕೆ 80 ಲಕ್ಷ ಡಾಲರ್ ಸುರಿದಿದ್ದಾರೆ ಎಂಬುದು ಅದರಲ್ಲಿ ಒಂದು. ಮರುದಿನದಿಂದ ಎರಡು ಥರದ ಸುದ್ದಿ ಓಡಾಡಿತು. ಜೀನ್ ಬದಲಿಸಿದ ಟ್ರಾನ್ಸ್‌ಜೆನಿಕ್ ಇಲಿಗಳನ್ನು ಅಧ್ಯಕ್ಷರು ತಪ್ಪಾಗಿ ಟ್ರಾನ್ಸ್‌ಜೆಂಡರ್ ಅಂದುಬಿಟ್ಟರು ಎಂದು ಒಂದು ಕಡೆಯವರು ನಕ್ಕರು. ಇನ್ನೊಂದು ಕಡೆ ಶ್ವೇತಭವನ ಆರು ಸಂಶೋಧನೆಗಳ ಹೆಸರು ಹಾಕಿ, ಹೇಳಿದ್ದೆಲ್ಲ ನಿಜ ಎಂದಿತು. ನಡುವೆ ಸಿಕ್ಕಿಕೊಂಡ ಓದುಗರಿಗೆ ತಲೆಬುಡ ತಿಳಿಯಲಿಲ್ಲ.

ನಕ್ಕವರೂ ಪೂರ್ತಿ ಸರಿಯಿರಲಿಲ್ಲ. ಶ್ವೇತಭವನ ಕೊಟ್ಟ ಆ ಪಟ್ಟಿಯ ಅಧ್ಯಯನಗಳಲ್ಲಿ ಹಾರ್ಮೋನಿನ ವಿಷಯ ಇದ್ದದ್ದು ಹೌದು. ಟ್ರಾನ್ಸ್ ಜನ ತೆಗೆದುಕೊಳ್ಳುವ ಹಾರ್ಮೋನ್ ಚಿಕಿತ್ಸೆ ದೇಹಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ಕೆಲವು ನಡೆದಿದ್ದವು. ಆದರೆ ಅದೇ ಪಟ್ಟಿಯಲ್ಲಿ ಆಸ್ತಮಾ ಕುರಿತ ಒಂದು ಅಧ್ಯಯನವೂ ಇತ್ತು. ಹೆಣ್ಣು ಗಂಡುಗಳ ಆಸ್ತಮಾದಲ್ಲಿ ಹಾರ್ಮೋನಿನ ಕೈವಾಡ ಎಷ್ಟು ಎಂಬುದು ಅದರ ಪ್ರಶ್ನೆ. ಗಂಡು ಪ್ರಾಣಿಗೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಕೊಡುವುದು, ಹೆಣ್ಣು ಪ್ರಾಣಿಯ ಅಂಡಾಶಯ ತೆಗೆಯುವುದು, ತೆಗೆದ ಮೇಲೆ ಅದೇ ಹಾರ್ಮೋನನ್ನು ಹೊರಗಿನಿಂದ ವಾಪಸ್ ಕೊಡುವುದು, ಇವೆಲ್ಲ ಪ್ರಯೋಗಾಲಯಗಳಲ್ಲಿ ಹಳೇ ಪದ್ಧತಿ. ಲಿಂಗ ರಾಜಕೀಯ ಶುರುವಾಗುವುದಕ್ಕೆ ದಶಕಗಳ ಮುಂಚಿನಿಂದಲೂ ಇದೆ.

ಈ ಪದ್ಧತಿ ಯಾಕೆ ಬೇಕು, ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬುದನ್ನು ಒಂದು ಸಣ್ಣ ಜಾಗ ಹಿಡಿದು ನೋಡಿದರೆ ಸುಲಭ. ಆ ಜಾಗ ದವಡೆ.

ದವಡೆ ನೋವು ಹೆಂಗಸರಿಗೇ ಯಾಕೆ ಜಾಸ್ತಿ?

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಒಂದು ಕೀಲು ಆಡುವುದು ಗೊತ್ತಾಗುತ್ತದೆ. ಹಲ್ಲು ಕಚ್ಚಿದರೆ ಕೆನ್ನೆಯ ಹಿಂಭಾಗದಲ್ಲಿ ಒಂದು ಸ್ನಾಯು ಗಟ್ಟಿಯಾಗಿ ಉಬ್ಬುತ್ತದೆ. ಅದರ ಹೆಸರು ಮ್ಯಾಸೆಟರ್. ಅಗಿಯುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದು. ಈ ಕೀಲು, ಈ ಸ್ನಾಯುಗಳಲ್ಲಿ ಬರುವ ನೋವು, ಬಿಗಿತ, ಬಾಯಿ ತೆರೆಯಲು ಆಗುವ ಕಷ್ಟ ಎಲ್ಲವನ್ನೂ ವೈದ್ಯರು ಟಿಎಂಡಿ ಎಂಬ ಒಂದೇ ಹೆಸರಿನಡಿ ಸೇರಿಸುತ್ತಾರೆ. ಅಡಿಕೆ, ಗುಟ್ಕಾ ಜಗಿಯುವವರಿಗೆ ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯದಂತೆ ಆಗುತ್ತದಲ್ಲ, ಅದು ಬೇರೆಯೇ ರೋಗ. ಎರಡನ್ನೂ ಕಲಸಬಾರದು.

ಅಮೆರಿಕದ ಅಂದಾಜಿನ ಪ್ರಕಾರ ಅಲ್ಲಿನ ಜನಸಂಖ್ಯೆಯಲ್ಲಿ ಶೇ 5ರಿಂದ 12ರಷ್ಟು ಮಂದಿಗೆ ಟಿಎಂಡಿ ಇದೆ. ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ವಯಸ್ಸಿನ ಲೆಕ್ಕವೂ ಗಮನಿಸುವಂಥದ್ದು. ಕೀಲು ನೋವು ಅಂದರೆ ಮುದುಕರ ಕಾಯಿಲೆ ಎಂದುಕೊಳ್ಳುತ್ತೇವೆ. ಇದು ಹಾಗಲ್ಲ. ಇಪ್ಪತ್ತರಿಂದ ನಲವತ್ತರ ನಡುವಿನವರಲ್ಲೇ ಹೆಚ್ಚು, ಮುಟ್ಟು ನಿಂತ ಮೇಲೆ ಕಡಿಮೆ.

ಹೆರುವ ವಯಸ್ಸಿನಲ್ಲಿ ಏರಿ ಆಮೇಲೆ ಇಳಿಯುವ ಕಾಯಿಲೆ ಕಂಡರೆ ಯಾರಿಗಾದರೂ ಹಾರ್ಮೋನಿನ ಮೇಲೆ ಅನುಮಾನ ಬರುತ್ತದೆ. ಅನುಮಾನ ಬಂದರೆ ಸಾಲದು. ಹೆಂಗಸರು ಡಾಕ್ಟರ ಬಳಿ ಹೆಚ್ಚು ಹೋಗುವುದರಿಂದ ಲೆಕ್ಕದಲ್ಲಿ ಹೆಚ್ಚು ಸಿಗುತ್ತಾರೆಯೇ? ನೋವನ್ನು ಹೇಳಿಕೊಳ್ಳುವ ರೀತಿ ಬೇರೆಯೇ? ಮನೆಕೆಲಸ, ಒತ್ತಡ, ನಿದ್ದೆ ಇವುಗಳ ಪಾಲು ಎಷ್ಟು? ಮನುಷ್ಯರಲ್ಲಿ ಇವೆಲ್ಲ ಹೆಣೆದುಕೊಂಡಿರುತ್ತವೆ. ಬಿಡಿಸಿ ನೋಡಲು ಆಗುವುದಿಲ್ಲ. ಸಂಶೋಧಕರು ಇಲಿಯ ಕಡೆ ತಿರುಗಿದ್ದು ಇದಕ್ಕೇ. ಇಲಿಗೆ ಸಮಾಜದ ಕಟ್ಟುಪಾಡಿಲ್ಲ, ಗಂಡಸು ಅಳಬಾರದು ಎಂಬ ಪಾಠವಿಲ್ಲ.

ಒಂದು ಹನಿ ಗ್ಲುಟಮೇಟ್

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ರಯನ್ ಕೇರ್ನ್ಸ್, ಜೇಮ್ಸ್ ಹೂ, ಬ್ಯಾರಿ ಸೆಸಲ್ ಮೊದಲಾದವರು 1990ರ ದಶಕದ ಕೊನೆಯಿಂದ ಈ ಕೆಲಸಕ್ಕೆ ಕೈಹಾಕಿದರು. ಅವರು ಆರಿಸಿಕೊಂಡ ವಸ್ತು ಗ್ಲುಟಮೇಟ್. ಅಂಗಾಂಶಕ್ಕೆ ಪೆಟ್ಟಾದಾಗ ದೇಹದಲ್ಲೇ ಇದರ ಪ್ರಮಾಣ ಏರುತ್ತದೆ. ಇದರ ಸೋಡಿಯಂ ಲವಣವೇ ನಾವು ಟೇಸ್ಟಿಂಗ್ ಪೌಡರ್ ಅನ್ನುವುದು. ಗಾಬರಿ ಬೇಡ, ಗೋಬಿ ಮಂಚೂರಿಯಲ್ಲಿ ತಿನ್ನುವುದಕ್ಕೂ ಸೂಜಿಯಲ್ಲಿ ನೇರ ಸ್ನಾಯುವಿಗೆ ಚುಚ್ಚುವುದಕ್ಕೂ ಹೋಲಿಕೆಯೇ ಇಲ್ಲ.

ಪ್ರಯೋಗ ಹೀಗೆ. ಇಲಿಗೆ ಅರಿವಳಿಕೆ ಕೊಡುತ್ತಾರೆ. ದವಡೆ ಮುಚ್ಚುವ ಸ್ನಾಯು, ತೆರೆಯುವ ಸ್ನಾಯು ಎರಡಕ್ಕೂ ತೆಳ್ಳನೆಯ ತಂತಿಗಳನ್ನು ಇಳಿಸಿ, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತಾರೆ. ಆಮೇಲೆ ಕೀಲಿನ ಜಾಗಕ್ಕೆ 10 ಮೈಕ್ರೊಲೀಟರ್ ಗ್ಲುಟಮೇಟ್ ಚುಚ್ಚುತ್ತಾರೆ. ಅದು ಒಂದು ಸಣ್ಣ ಹನಿಗಿಂತಲೂ ಕಡಿಮೆ. ತಕ್ಷಣ ದವಡೆಯ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ತಂತಿಯಲ್ಲಿ ಆ ಬಿಗಿತ ಅಲೆಯಂತೆ ಮೂಡುತ್ತದೆ. ಒಂದೇ ಪ್ರಮಾಣ, ಒಂದೇ ವಿಧಾನ. ಹೆಣ್ಣಿಲಿಗಳಲ್ಲಿ ಈ ಬಿಗಿತ ಗಂಡಿಲಿಗಳಿಗಿಂತ ಸ್ಪಷ್ಟವಾಗಿ ಹೆಚ್ಚು ಬಂತು.

ಇಲ್ಲಿಗೇ ನಿಂತಿದ್ದರೆ ಇಲಿಯ ಕಥೆ ಇಲಿಗೇ ಸೀಮಿತವಾಗುತ್ತಿತ್ತು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೆನ್ಮಾರ್ಕಿನ ಸಂಶೋಧಕರೂ ಕೈಜೋಡಿಸಿದರು. ಸ್ವಯಂಸೇವಕರಾಗಿ ಬಂದ ಹೆಂಗಸರು, ಗಂಡಸರು ಇಬ್ಬರ ಮ್ಯಾಸೆಟರ್ ಸ್ನಾಯುವಿಗೂ 0.2 ಮಿಲಿಲೀಟರ್ ಗ್ಲುಟಮೇಟ್ ಚುಚ್ಚಿದರು. ಹೋಲಿಕೆಗೆ ಬರೀ ಉಪ್ಪುನೀರನ್ನೂ ಚುಚ್ಚಿದರು. ಉಪ್ಪುನೀರಿಗಿಂತ ಗ್ಲುಟಮೇಟ್ ಇಬ್ಬರಿಗೂ ಜಾಸ್ತಿ ನೋಯಿಸಿತು. ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ ನೋಯಿಸಿತು.

ಮನುಷ್ಯರ ಕೆನ್ನೆಯ ಒಳಗಿನ ನರದ ಎಳೆಗಳಿಗೆ ತಂತಿ ಹಾಕಿ ನೋಡಲು ಆಗುವುದಿಲ್ಲ. ಅದನ್ನು ಅದೇ ಅಧ್ಯಯನದಲ್ಲಿ ಇಲಿಗಳಲ್ಲಿ ಮಾಡಿದರು. ಮ್ಯಾಸೆಟರ್‌ನಿಂದ ಮಿದುಳಿನ ಕಾಂಡಕ್ಕೆ ನೋವಿನ ಸಂದೇಶ ಒಯ್ಯುವ ನರದ ಎಳೆಗಳನ್ನು ಒಂದೊಂದಾಗಿ ಹಿಡಿದರು. ಸೆಕೆಂಡಿಗೆ ಎರಡೂವರೆಯಿಂದ ಐದು ಮೀಟರ್ ವೇಗದಲ್ಲಿ ಸಂದೇಶ ಸಾಗಿಸುವ ನಿಧಾನದ ಎಳೆಗಳೇ ಗ್ಲುಟಮೇಟ್‌ಗೆ ಹೆಚ್ಚು ಕೆರಳಿದವು. ಈ ಎಳೆಗಳು ಹೆಣ್ಣಿಲಿಗಳಲ್ಲಿ ಇನ್ನೂ ಜಾಸ್ತಿ ಕೆರಳಿದವು.

ಇದರ ತೂಕ ಎಲ್ಲಿದೆ ಅಂದರೆ, ಇಲ್ಲಿ ನರದ ಎಳೆ ಇನ್ನೂ ಮಿದುಳಿನ ಮೇಲ್ಭಾಗವನ್ನು ತಲುಪಿಲ್ಲ. ನೋವು ಅನ್ನಿಸುವುದು, ಹೇಳಿಕೊಳ್ಳುವುದು, ಸಹಿಸಿಕೊಳ್ಳುವುದು ಯಾವುದೂ ಶುರುವಾಗಿಲ್ಲ. ಅಷ್ಟರೊಳಗೇ ಹೆಣ್ಣು ಗಂಡುಗಳ ನಡುವೆ ವ್ಯತ್ಯಾಸ ಕಂಡಿತು. ಹೆಂಗಸರ ನೋವು ಬರೀ ಮನಸ್ಸಿನದು, ಸುಮ್ನೆ ದೊಡ್ಡದು ಮಾಡುತ್ತಾರೆ ಎಂಬ ಹಳೇ ಮಾತಿಗೆ ಇದು ನೇರ ಉತ್ತರ. ಈ ಒಂದು ಕಾರಣಕ್ಕೇ ಆ ಪ್ರಯೋಗ ದುಡ್ಡು ವಸೂಲು ಎಂದು ಧಾರಾಳವಾಗಿ ಹೇಳಬಹುದು.

ಹಾರ್ಮೋನ್ ಬದಲಿಸಿದ್ದು ಯಾಕೆ

ಹೆಣ್ಣಿಲಿಯ ನರ ಹೆಚ್ಚು ಕೆರಳುತ್ತದೆ ಎಂದು ಗೊತ್ತಾಯಿತು. ಕಾರಣ ಯಾವುದು? ಹುಟ್ಟಿನಿಂದ ಬಂದ ಎರಡು ಎಕ್ಸ್ ಕ್ರೋಮೊಸೋಮುಗಳೇ? ಬೆಳೆಯುವಾಗ ನರಗಳು ಬೇರೆ ರೀತಿ ಜೋಡಣೆಯಾದವೇ? ಅಥವಾ ಈ ಕ್ಷಣ ರಕ್ತದಲ್ಲಿ ಹರಿಯುತ್ತಿರುವ ಈಸ್ಟ್ರೊಜೆನ್ನೇ? ಮೂರರ ಫಲವೂ ಹೊರಗಿನಿಂದ ಒಂದೇ ಥರ ಕಾಣುತ್ತದೆ.

ಬೇರ್ಪಡಿಸಲು ಇರುವ ನೇರ ದಾರಿ, ಒಂದನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೇ ಬಿಡುವುದು. ಟೊರಾಂಟೊದವರು 2002ರಲ್ಲಿ ಅದನ್ನೇ ಮಾಡಿದರು. ಅಂಡಾಶಯ ತೆಗೆದ ಹೆಣ್ಣಿಲಿಗಳಲ್ಲಿ ದವಡೆ ಸ್ನಾಯುವಿನ ಬಿಗಿತ ಇಳಿಯಿತು. ಅವೇ ಥರದ ಇಲಿಗಳಿಗೆ ಈಸ್ಟ್ರೊಜೆನ್ ಕೊಟ್ಟಾಗ ಮತ್ತೆ ಏರಿತು. ವೃಷಣ ತೆಗೆದ ಗಂಡಿಲಿಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ ಈ ಪ್ರತಿಕ್ರಿಯೆಯ ಮಟ್ಟಿಗೆ, ವ್ಯತ್ಯಾಸ ತರುತ್ತಿರುವುದು ಹರಿಯುತ್ತಿರುವ ಈಸ್ಟ್ರೊಜೆನ್. ಕ್ರೋಮೊಸೋಮ್ ಮೊದಲೂ ಅದೇ, ಆಮೇಲೂ ಅದೇ.

2007ರ ಹೊತ್ತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ನರಕೋಶದ ಮೇಲೆ ಸಂದೇಶ ಹಿಡಿಯುವ ಅಣುಗಳಿಗೆ ಗ್ರಾಹಿ ಎನ್ನುತ್ತಾರೆ. ಗ್ಲುಟಮೇಟ್ ಬಂದು ಕೂರುವ ಹಲವು ಗ್ರಾಹಿಗಳಲ್ಲಿ ಎನ್‌ಎಂಡಿಎ ಎಂಬುದೊಂದು. ಮ್ಯಾಸೆಟರ್‌ನ ನರದ ಎಳೆಗಳ ಮೇಲಿರುವ ಈ ಗ್ರಾಹಿ ಈಸ್ಟ್ರೊಜೆನ್ ಹೆಚ್ಚಿದ್ದಾಗ ಹೆಚ್ಚು ಚುರುಕಾಗುತ್ತದೆ ಎಂದು ತೋರಿಸಿದರು.

ಈಗ ಆ ಭಾಷಣದ ಸಾಲಿಗೆ ವಾಪಸ್ ಬಂದರೆ, ಗೊಂದಲ ಅರ್ಧ ಕರಗುತ್ತದೆ. ಪ್ರಾಣಿಯ ಹಾರ್ಮೋನ್ ಬದಲಿಸುವುದರ ಉದ್ದೇಶ ಪ್ರಾಣಿಯ ಲಿಂಗ ಬದಲಿಸುವುದಲ್ಲ. ಒಂದು ಕಾಯಿಲೆಯಲ್ಲಿ ಹಾರ್ಮೋನಿನ ಪಾಲು ಎಷ್ಟು ಎಂದು ಅಳೆಯಲು ಅದಕ್ಕಿಂತ ನೇರವಾದ ಉಪಾಯ ಇಲ್ಲ. ಆಸ್ತಮಾಕ್ಕೂ ಇದೇ ದಾರಿ, ದವಡೆಗೂ ಇದೇ ದಾರಿ.

ಮೊದಲು ಗಂಡಿಲಿಗಳದ್ದೇ ದರ್ಬಾರು

ಇಷ್ಟು ಸರಳ ಪ್ರಶ್ನೆಯನ್ನು ಮೊದಲೇ ಯಾಕೆ ಕೇಳಲಿಲ್ಲ ಎಂದು ಅನ್ನಿಸಬಹುದು. ಕೇಳಲು ಹೆಣ್ಣಿಲಿಗಳೇ ಇರಲಿಲ್ಲ. ನೋವಿನ ಸಂಶೋಧನೆಗೆಂದೇ ಇರುವ 'ಪೇನ್' ಎಂಬ ಪತ್ರಿಕೆಯಲ್ಲಿ ಹತ್ತು ವರ್ಷ ಬಂದ ಪ್ರಾಣಿ ಅಧ್ಯಯನಗಳನ್ನು 2005ರಲ್ಲಿ ನೋವಿನ ಸಂಶೋಧಕ ಜೆಫ್ರಿ ಮೊಗಿಲ್ ಮತ್ತು ಅವರ ಸಹೋದ್ಯೋಗಿ ಲೆಕ್ಕ ಹಾಕಿದರು. ಕನಿಷ್ಠ ಶೇ 79ರಲ್ಲಿ ಬರೀ ಗಂಡು ಪ್ರಾಣಿಗಳು. ಹೆಣ್ಣು ಗಂಡಿನ ವ್ಯತ್ಯಾಸವನ್ನೇ ಪರೀಕ್ಷಿಸಿದ್ದು ಶೇ 4 ಮಾತ್ರ. ದೀರ್ಘಕಾಲದ ನೋವಿನಿಂದ ಹೆಚ್ಚು ನರಳುವವರು ಹೆಂಗಸರು, ಔಷಧಿ ಹುಡುಕಿದ್ದು ಗಂಡಿಲಿಯ ಮೇಲೆ. ವಿಚಿತ್ರ ಅಲ್ವಾ?

ಕೊಡುತ್ತಿದ್ದ ಸಬೂಬು ಒಂದೇ: ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಹಾರ್ಮೋನ್ ಚಕ್ರ ತಿರುಗುತ್ತದೆ, ಅಳತೆಗಳು ಏರುಪೇರಾಗುತ್ತವೆ, ಲೆಕ್ಕ ಕೆಡುತ್ತದೆ. 2014ರಲ್ಲಿ 293 ಪ್ರಬಂಧಗಳ ಅಂಕಿಅಂಶ ಒಟ್ಟುಗೂಡಿಸಿ ನೋಡಿದಾಗ ಈ ಸಬೂಬು ನಿಲ್ಲಲಿಲ್ಲ. ಚಕ್ರದ ಯಾವ ಹಂತ ಎಂದು ನೋಡದೇ ಬಳಸಿದಾಗಲೂ ಹೆಣ್ಣು ಚಿಟ್ಟಿಲಿಗಳ ಅಳತೆಗಳು ಗಂಡು ಚಿಟ್ಟಿಲಿಗಳಿಗಿಂತ ಹೆಚ್ಚು ಏರುಪೇರಾಗಿರಲಿಲ್ಲ. ಗಂಡುಗಳೂ ಒಟ್ಟಿಗೆ ಇಟ್ಟರೆ ಜಗಳವಾಡುತ್ತವೆ, ಗೆದ್ದದ್ದಕ್ಕೂ ಸೋತದ್ದಕ್ಕೂ ಹಾರ್ಮೋನ್ ಬದಲಾಗುತ್ತದೆ. ಅದನ್ನು ಯಾರೂ ಏರುಪೇರು ಎಂದು ಕರೆದಿರಲಿಲ್ಲ ಅಷ್ಟೇ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ 2016ರ ಜನವರಿಯಿಂದ ನಿಯಮ ತಂದಿತು. ಪ್ರಾಣಿ ಅಧ್ಯಯನಕ್ಕೆ ದುಡ್ಡು ಕೇಳುವವರು ಎರಡೂ ಲಿಂಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಒಂದನ್ನೇ ಬಳಸುವುದಾದರೆ ಗಟ್ಟಿ ಕಾರಣ ಕೊಡಬೇಕು. ಈಗ ವಾರಕ್ಕೊಂದು 'ಗಂಡು ನೋವು ಬೇರೆ, ಹೆಣ್ಣು ನೋವು ಬೇರೆ' ಎಂಬ ಸುದ್ದಿ ಬರುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ಹೆಣ್ಣಿಲಿಗಳನ್ನೂ ನೋಡತೊಡಗಿದ್ದರಿಂದ ಮೊದಲೇ ಇದ್ದ ವ್ಯತ್ಯಾಸ ಈಗ ಕಣ್ಣಿಗೆ ಬೀಳುತ್ತಿದೆ.

ಬ್ರೆಜಿಲ್‌ನ ಇಲಿಗಳು ಬೇರೆ ಕಥೆ ಹೇಳಿದವು

ಹಾಗಾದರೆ ತೀರ್ಮಾನ ಸುಲಭ: ಈಸ್ಟ್ರೊಜೆನ್ ಜಾಸ್ತಿ, ನೋವು ಜಾಸ್ತಿ. ಅಷ್ಟು ಸುಲಭವಾಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಬ್ರೆಜಿಲ್‌ನಲ್ಲಿ ಕ್ಲೌಡಿಯಾ ಟಾಂಬೆಲಿ ಅವರ ಗುಂಪು ಅದೇ ದವಡೆ ಕೀಲನ್ನು ಬೇರೆ ರೀತಿ ಕೆಣಕಿತು. ಗ್ಲುಟಮೇಟ್ ಬದಲು ಅಂಗಾಂಶವನ್ನು ಕೆರಳಿಸುವ ಫಾರ್ಮಲಿನ್ ಎಂಬ ರಾಸಾಯನಿಕ. ಅರಿವಳಿಕೆಯ ಬದಲು ಎಚ್ಚರವಿರುವ ಇಲಿಗಳು. ಅಳೆದದ್ದು ಸ್ನಾಯುವಿನ ಬಿಗಿತವನ್ನಲ್ಲ, ಇಲಿ ಮುಖ ಉಜ್ಜಿಕೊಳ್ಳುವುದನ್ನು, ತಲೆಯನ್ನು ತಟ್ಟನೆ ಎಳೆದುಕೊಳ್ಳುವುದನ್ನು. ಇಲ್ಲಿ ಈಸ್ಟ್ರೊಜೆನ್ ಇಳಿದಿದ್ದ ಹಂತದಲ್ಲಿರುವ ಹೆಣ್ಣಿಲಿಗಳೇ ಹೆಚ್ಚು ನೋವು ತೋರಿದವು. ಹೊರಗಿನಿಂದ ಕೊಟ್ಟ ಈಸ್ಟ್ರೊಜೆನ್ ನೋವನ್ನು ತಗ್ಗಿಸಿತು. ಟೊರಾಂಟೊದ ಫಲಿತಾಂಶಕ್ಕೆ ಪೂರ್ತಿ ಉಲ್ಟಾ.

ಅದೇ ಗುಂಪು ಗಂಡಿಲಿಗಳ ಬಗ್ಗೆಯೂ ಒಂದು ವಿಷಯ ಕಂಡುಕೊಂಡಿತು. ಫಾರ್ಮಲಿನ್ ಪ್ರಮಾಣ ತೀರಾ ಕಡಿಮೆ ಇದ್ದಾಗ ಹೆಣ್ಣಿಲಿಗಳು ನೋವು ತೋರಿದವು, ಗಂಡಿಲಿಗಳು ತೋರಲಿಲ್ಲ. ಆದರೆ ವೃಷಣ ತೆಗೆದ ಗಂಡಿಲಿಗಳು ತೋರಿದವು. ಅಂದರೆ ವೃಷಣದಲ್ಲಿ ತಯಾರಾಗುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಗಂಡಿಲಿಯನ್ನು ಕಾಯುತ್ತಿತ್ತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜಿನ್ ರೋ ಅವರ ಗುಂಪು ಇದಕ್ಕೊಂದು ಸಂಭವನೀಯ ಕಾರಣ ಕೊಟ್ಟಿತು. ಮುಖದ ನೋವಿನ ನರಕೋಶಗಳಲ್ಲಿ ಮಾರ್ಫಿನ್ ಬಂದು ಕೂರುವ ಒಂದು ಗ್ರಾಹಿ ಇದೆ. ಅದು ಎಷ್ಟು ತಯಾರಾಗಬೇಕು ಎಂಬುದರಲ್ಲಿ ಟೆಸ್ಟೊಸ್ಟೆರಾನ್ ಕೈಯಾಡಿಸುತ್ತದೆ.

ಇದರಿಂದ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಹೆಂಗಸರಿಗೆ ಯಾಕೆ ಜಾಸ್ತಿ ನೋಯುತ್ತದೆ ಎಂದು ಕೇಳುವ ಜೊತೆಗೆ ಗಂಡಸರಿಗೆ ಯಾಕೆ ಕಡಿಮೆ ನೋಯುತ್ತದೆ ಎಂದೂ ಕೇಳಬೇಕಾಗುತ್ತದೆ. ಗಂಡಿನ ದೇಹವನ್ನು ಅಳತೆಗೋಲು ಮಾಡಿಕೊಂಡು ಹೆಣ್ಣಿನದನ್ನು ಕೊರತೆ ಎಂದು ನೋಡಿದಾಗ ಈ ಎರಡನೇ ಪ್ರಶ್ನೆ ಹೊಳೆಯುವುದೇ ಇಲ್ಲ.

ಎರಡು ಗುಂಪುಗಳ ಉತ್ತರ ಯಾಕೆ ಎದುರುಬದುರು? ಕೆರಳಿಸಿದ ವಸ್ತು ಬೇರೆ, ಅಳೆದದ್ದು ಬೇರೆ, ಇಲಿ ಒಂದು ಕಡೆ ನಿದ್ದೆಯಲ್ಲಿತ್ತು, ಇನ್ನೊಂದು ಕಡೆ ಎಚ್ಚರವಿತ್ತು. ಎಚ್ಚರವಿರುವ ಇಲಿಯಲ್ಲಿ ಮಿದುಳು ಮೇಲಿನಿಂದ ನೋವನ್ನು ಅದುಮುವ ವ್ಯವಸ್ಥೆಯೂ ಕೆಲಸ ಮಾಡುತ್ತಿರುತ್ತದೆ. ಈಸ್ಟ್ರೊಜೆನ್ ಸ್ನಾಯುವಿನ ಹತ್ತಿರದ ನರತುದಿಯಲ್ಲಿ ಒಂದು ಕೆಲಸ, ಮೇಲೆ ಇನ್ನೊಂದು ಕೆಲಸ ಮಾಡುವುದು ಅಸಾಧ್ಯವೇನಲ್ಲ.

ಮನುಷ್ಯರ ಲೆಕ್ಕವೂ ಇದೇ ಥರ ಎರಡು ಕಡೆ ಎಳೆಯುತ್ತದೆ. ಅಮೆರಿಕದಲ್ಲಿ ಲಿಂಡಾ ಲೆರೆಷ್ ಅವರ ಗುಂಪು ನಡೆಸಿದ ಅಧ್ಯಯನಗಳಲ್ಲಿ, ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಂಡವರಲ್ಲಿ ಟಿಎಂಡಿ ಹೆಚ್ಚು ಕಂಡಿತು. ಆದರೆ ಟಿಎಂಡಿ ಇರುವ ಹೆಂಗಸರ ದಿನಚರಿ ನೋಡಿದರೆ, ಈಸ್ಟ್ರೊಜೆನ್ ಕುಸಿದಿರುವ ಮುಟ್ಟಿನ ದಿನಗಳ ಆಸುಪಾಸಿನಲ್ಲಿ ನೋವು ಹೆಚ್ಚು. ಬಸುರಿಯ ಕೊನೆಯ ತಿಂಗಳುಗಳಲ್ಲಿ ಈಸ್ಟ್ರೊಜೆನ್ ಅತ್ಯಂತ ಎತ್ತರದಲ್ಲಿರುತ್ತದೆ, ಆಗ ನೋವು ಇಳಿದಿರುತ್ತದೆ. ಹಾರ್ಮೋನಿನ ಮಟ್ಟಕ್ಕಿಂತ ಅದು ತಟ್ಟನೆ ಏರಿಳಿಯುವುದೇ ಮುಖ್ಯವಿರಬಹುದು ಎಂಬ ವಾದಕ್ಕೆ ಇಲ್ಲಿಂದಲೇ ಬಲ ಬಂದದ್ದು. ಈ ವಾದ ನನಗೂ ಹೆಚ್ಚು ಸರಿ ಅನ್ನಿಸುತ್ತದೆ, ಆದರೆ ಇನ್ನೂ ರುಜುವಾತಾಗಿಲ್ಲ.

ಒಪ್ಪದವರ ಮಾತು

ಇಂಥ ಸಂಶೋಧನೆಯನ್ನು ಪ್ರಶ್ನಿಸುವವರೆಲ್ಲ ರಾಜಕಾರಣಿಗಳಲ್ಲ. ವಿಜ್ಞಾನಿಗಳ ಒಳಗೇ ಗಂಭೀರ ತಕರಾರುಗಳಿವೆ.

ಮೊದಲನೆಯದು ಲೆಕ್ಕದ್ದು. ಒಂದು ಔಷಧಿ ಗಂಡಿಲಿಗಳಲ್ಲಿ ಪರಿಣಾಮ ತೋರಿತು, ಹೆಣ್ಣಿಲಿಗಳಲ್ಲಿ ಸ್ಪಷ್ಟವಾಗಿ ತೋರಲಿಲ್ಲ ಎಂದಿಟ್ಟುಕೊಳ್ಳಿ. ಇಷ್ಟರಿಂದಲೇ 'ಇದು ಗಂಡಿಗೆ ಮಾತ್ರ' ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಎರಡೂ ಗುಂಪುಗಳನ್ನು ನೇರ ಹೋಲಿಸಿ, ವ್ಯತ್ಯಾಸ ನಿಜಕ್ಕೂ ಇದೆಯೇ ಎಂದು ಪ್ರತ್ಯೇಕ ಪರೀಕ್ಷೆ ಮಾಡಬೇಕು. ಎಮರಿ ವಿಶ್ವವಿದ್ಯಾಲಯದ ಡೊನ್ನಾ ಮೇನಿ ಮತ್ತು ಸಹೋದ್ಯೋಗಿ 2021ರಲ್ಲಿ ಪರಿಶೀಲಿಸಿದಾಗ, ಹೀಗೆ ಲಿಂಗ ವ್ಯತ್ಯಾಸ ಸಾರಿದ ಪ್ರಬಂಧಗಳಲ್ಲಿ ಬಹುಪಾಲು ಆ ಪರೀಕ್ಷೆಯನ್ನೇ ಮಾಡಿರಲಿಲ್ಲ. ಎರಡೂ ಲಿಂಗ ಬಳಸಿ ಎಂದು ನಿಯಮ ಬಂತು, ಹೇಗೆ ಹೋಲಿಸಬೇಕು ಎಂಬ ತರಬೇತಿ ಬರಲಿಲ್ಲ. ಫಲವಾಗಿ ಟೊಳ್ಳು ವ್ಯತ್ಯಾಸಗಳೂ ಸುದ್ದಿಯಾಗುತ್ತವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ತಕರಾರು ಇದೇ.

ಎರಡನೆಯದು ಪ್ರಾಣಿಯ ಮಾತು. ಇಲಿಗೆ ನಮ್ಮಂತೆ ತಿಂಗಳ ಮುಟ್ಟಿಲ್ಲ. ಅದರ ಚಕ್ರ ನಾಲ್ಕೈದು ದಿನದ್ದು. ಅರಿವಳಿಕೆಯಲ್ಲಿರುವ ಇಲಿಯ ಸ್ನಾಯು ಬಿಗಿದದ್ದನ್ನು ನೋವು ಎಂದು ಕರೆಯುವುದೇ ಅತಿಯಾಗುತ್ತದೆ, ಅದು ನೋವಿನ ದಾರಿಯ ಮೊದಲ ಮೆಟ್ಟಿಲು ಮಾತ್ರ.

ಎಚ್ಚರವಿರುವ ಇಲಿಯೂ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. 2014ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಂದು ತಮಾಷೆಯ ವಿಷಯ ಬಯಲಾಯಿತು. ಪ್ರಯೋಗ ಮಾಡುವವರು ಗಂಡಸರಾದರೆ ಇಲಿಗಳು ಕಡಿಮೆ ನೋವು ತೋರುತ್ತವೆ. ಗಂಡಸು ಬೇಕಾಗಿಯೂ ಇಲ್ಲ, ಅವನು ತೊಟ್ಟು ಬಿಟ್ಟ ಟೀ ಶರ್ಟ್ ಹತ್ತಿರವಿಟ್ಟರೂ ಸಾಕು. ವಾಸನೆಗೆ ಹೆದರಿದ ಇಲಿಯ ದೇಹದಲ್ಲಿ ಒತ್ತಡ ಏರುತ್ತದೆ, ಒತ್ತಡ ನೋವನ್ನು ಅದುಮುತ್ತದೆ. ಆವರೆಗಿನ ಎಷ್ಟೋ ಪ್ರಬಂಧಗಳಲ್ಲಿ ಇಲಿಯ ಲಿಂಗವನ್ನಾದರೂ ಬರೆದಿದ್ದರು, ಪ್ರಯೋಗ ಮಾಡಿದವರ ಲಿಂಗವನ್ನು ಬರೆದಿರಲಿಲ್ಲ.

ಮೂರನೆಯ ತಕರಾರು ರೋಗಿಗಳ ಕಡೆಯಿಂದ ಬಂದದ್ದು, ಸ್ವಲ್ಪ ಕಹಿ. ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಿಯೇ ಮೂಲವಾದರೆ, ಅದನ್ನು ಮುಚ್ಚುವ ಕೆಟಮಿನ್ ಎಂಬ ಔಷಧಿಯನ್ನು ಸ್ನಾಯುವಿಗೇ ಕೊಟ್ಟರೆ ನೋವು ಹೋಗಬೇಕಲ್ಲ? ದವಡೆ ಸ್ನಾಯುವಿನ ದೀರ್ಘಕಾಲದ ನೋವಿರುವವರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಸಣ್ಣ ಪರೀಕ್ಷೆ, ಆದರೆ ಅಚ್ಚುಕಟ್ಟಾಗಿ ಮಾಡಿದ್ದು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಚುಚ್ಚಿದ ಕೆಲವು ನಿಮಿಷದ ನೋವು ಒಂದು, ವರ್ಷಗಟ್ಟಲೆ ಬೇರೂರಿದ ನೋವು ಇನ್ನೊಂದು. ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದು.

ಔಷಧಿ ಅಂಗಡಿಗೆ ಬಂದರೆ

ಇಷ್ಟಾದರೂ ಇದರಿಂದ ಏನೂ ಉಪಯೋಗವಿಲ್ಲ ಎನ್ನಲಾಗದು. ದವಡೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1996ರಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಪೆಂಟಜೋಸಿನ್, ನಾಲ್ಬುಫಿನ್ ಮೊದಲಾದ ಒಂದು ಗುಂಪಿನ ನೋವಿನ ಔಷಧಿಗಳನ್ನು ಕೊಟ್ಟು ನೋಡಿದರು. ಹೆಂಗಸರಿಗೆ ಗಂಡಸರಿಗಿಂತ ಒಳ್ಳೆಯ ಆರಾಮ ಸಿಕ್ಕಿತು. ಮೂರು ವರ್ಷದ ನಂತರ ಅದೇ ಗುಂಪು ನಾಲ್ಬುಫಿನ್‌ನ ಪ್ರಮಾಣ ಬದಲಿಸಿ ನೋಡಿದಾಗ ಇನ್ನೂ ವಿಚಿತ್ರ ಕಂಡಿತು. 5 ಮಿಲಿಗ್ರಾಂ ಪಡೆದ ಗಂಡಸರಿಗೆ, ಬರೀ ಹುಸಿ ಔಷಧಿ ಪಡೆದವರಿಗಿಂತ ಜಾಸ್ತಿ ನೋವಾಯಿತು. ಪೆಂಟಜೋಸಿನ್ ನಮ್ಮ ಆಸ್ಪತ್ರೆಗಳಿಗೂ ಹಳೇ ಪರಿಚಯದ ಔಷಧಿ.

ಲಿಂಗ ನೋಡದೇ ಔಷಧಿಯ ಪ್ರಮಾಣ ನಿಗದಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಿದ್ದೆ ಮಾತ್ರೆ ಜೋಲ್ಪಿಡೆಮ್ ಸಾಕ್ಷಿ. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೋಗುತ್ತದೆ. ಮಾತ್ರೆ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಇದ್ದ ಮೇಲೆ, 2013ರಲ್ಲಷ್ಟೇ ಅಮೆರಿಕದ ಔಷಧಿ ನಿಯಂತ್ರಕರು ಹೆಂಗಸರಿಗೆ ಶುರುವಿನ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು.

ಹೊಸ ಸುದ್ದಿಗಳೂ ಇದೇ ದಿಕ್ಕಿನವು. ಮೈಗ್ರೇನ್‌ಗೆ ಸಂಬಂಧಿಸಿದ ಸಿಜಿಆರ್‌ಪಿ ಎಂಬ ಅಣುವನ್ನು ಮಿದುಳಿನ ಹೊದಿಕೆಗೆ ಸೋಕಿಸಿದಾಗ ಹೆಣ್ಣು ಪ್ರಾಣಿಗಳು ಮಾತ್ರ ನೋವಿನ ಲಕ್ಷಣ ತೋರಿದವು ಎಂದು 2019ರಲ್ಲಿ ಟೆಕ್ಸಾಸ್‌ನಿಂದ ವರದಿಯಾಯಿತು. 2024ರಲ್ಲಿ ಅರಿಜೋನಾದ ಗುಂಪು ಚಿಟ್ಟಿಲಿ, ಕೋತಿ, ಮನುಷ್ಯ ಮೂರರಿಂದಲೂ ಪಡೆದ ನೋವಿನ ನರಕೋಶಗಳನ್ನು ಪರೀಕ್ಷಿಸಿತು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಹೆಣ್ಣಿನ ಕೋಶಗಳನ್ನು ಮಾತ್ರ ಕೆರಳಿಸಿತು, ಒರೆಕ್ಸಿನ್ ಬಿ ಎಂಬುದು ಗಂಡಿನ ಕೋಶಗಳನ್ನು ಮಾತ್ರ. ಗಂಡಿಗೊಂದು ಹೆಣ್ಣಿಗೊಂದು ನೋವಿನ ಮಾತ್ರೆ ಬರುತ್ತದೆ ಎಂಬ ತಲೆಬರಹಗಳಿಗೆ ಇದು ಮೂಲ. ಆ ಕೋಶಗಳು ಬೆನ್ನುಹುರಿಯ ಪಕ್ಕದವು, ಮುಖದವಲ್ಲ. ದವಡೆಗೂ ಇದು ಅನ್ವಯಿಸುತ್ತದೆ ಎಂದು ಈಗಲೇ ಹೇಳುವುದು ಆತುರ.

ಹಣ ನಿಂತರೆ ಏನಾಗುತ್ತದೆ? ಲಿಂಗ, ಹಾರ್ಮೋನ್ ಎಂಬ ಪದ ಕಂಡರೇ ಅರ್ಜಿ ಅನುಮಾನಕ್ಕೆ ಗುರಿಯಾಗುವ ವಾತಾವರಣದಲ್ಲಿ ಸಂಶೋಧಕರು ಸುಲಭದ ದಾರಿ ಹಿಡಿಯುತ್ತಾರೆ. ಹೆಣ್ಣಿಲಿಯನ್ನು ಬಿಟ್ಟುಬಿಡುವುದೇ ಆ ದಾರಿ. ಗಂಡಿಲಿಯ ಮೇಲೆ ಮಾತ್ರ ಪರೀಕ್ಷಿಸಿದ ಔಷಧಿ ಮನುಷ್ಯರ ಪರೀಕ್ಷೆಗೆ ಬರುತ್ತದೆ, ಅಲ್ಲಿ ಕೂತಿರುವ ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು. ಔಷಧಿ ಸೋಲುತ್ತದೆ, ಯಾಕೆ ಸೋತಿತು ಎಂಬುದೂ ತಿಳಿಯುವುದಿಲ್ಲ. ಇಲಿಯ ಮೇಲೆ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ದುಡ್ಡು ಅಲ್ಲಿ ಹೋಗುತ್ತದೆ.

ಇಲಿಗೆ ಇನ್ನೂ ಕೇಳದ ಪ್ರಶ್ನೆ

ಕೊನೆಗೆ ಒಂದು ಅಧ್ಯಯನದ ಬಗ್ಗೆ ಹೇಳಲೇಬೇಕು. ಅದು ಇಡೀ ಚರ್ಚೆಯ ಮುಖ ತಿರುಗಿಸುವಂಥದ್ದು. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಒಪ್ಪೆರಾ ಎಂಬ ಅಧ್ಯಯನದಲ್ಲಿ ಟಿಎಂಡಿ ಇಲ್ಲದ ಸುಮಾರು 3,200 ಮಂದಿಯನ್ನು ಆರಿಸಿ, ಯಾರಿಗೆ ಹೊಸದಾಗಿ ದವಡೆ ನೋವು ಬರುತ್ತದೆ ಎಂದು ವರ್ಷಗಟ್ಟಲೆ ಗಮನಿಸಿದರು. ವರ್ಷಕ್ಕೆ ಸುಮಾರು ಶೇ 4ರಷ್ಟು ಮಂದಿಗೆ ಬಂತು. ಹೆಂಗಸರಲ್ಲಿ ದುಪ್ಪಟ್ಟು ಇರುತ್ತದೆ ಎಂದೇ ಎಲ್ಲರೂ ಎಣಿಸಿದ್ದರು. ಹಾಗಾಗಲಿಲ್ಲ. ಹೊಸದಾಗಿ ನೋವು ಶುರುವಾಗುವುದರಲ್ಲಿ ಹೆಂಗಸರು ಗಂಡಸರಿಗಿಂತ ಸ್ವಲ್ಪ ಮಾತ್ರ ಮುಂದಿದ್ದರು.

ಶುರುವಾಗುವುದು ಹೆಚ್ಚುಕಡಿಮೆ ಸಮ, ಆದರೆ ಯಾವುದೇ ದಿನ ಎಣಿಸಿದರೆ ನೋವಿರುವ ಹೆಂಗಸರು ಎರಡು ಪಟ್ಟು. ಎರಡೂ ನಿಜವಾಗಬೇಕಾದರೆ, ಗಂಡಸರ ನೋವು ಬೇಗ ವಾಸಿಯಾಗುತ್ತಿರಬೇಕು, ಹೆಂಗಸರದ್ದು ಉಳಿದುಬಿಡುತ್ತಿರಬೇಕು. ಆಗ ಹುಡುಕಬೇಕಾದದ್ದು ನೋವು ಹುಟ್ಟುವ ಕಾರಣಕ್ಕಿಂತ ಹೆಚ್ಚಾಗಿ ನೋವು ಹೋಗದಿರುವ ಕಾರಣವನ್ನು. ಅದಕ್ಕೆ ಗ್ಲುಟಮೇಟ್ ಚುಚ್ಚಿ ಕೆಲವು ನಿಮಿಷ ನೋಡಿದರೆ ಸಾಲದು. ಎರಡೂ ಲಿಂಗದ ಇಲಿಗಳ ದವಡೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಗಮನಿಸಬೇಕು. ಹಾರ್ಮೋನನ್ನು ಬರೀ ತೆಗೆದು ಕೊಟ್ಟರೆ ಸಾಲದು, ಬಸುರಿಯಲ್ಲಿ ಆಗುವಂತೆ ಏರಿಸಿ, ಹೆರಿಗೆಯಲ್ಲಿ ಆಗುವಂತೆ ಇಳಿಸಿ ನೋಡಬೇಕು. ಮುದಿ ಇಲಿಗಳನ್ನೂ ಸೇರಿಸಬೇಕು, ಅವುಗಳನ್ನು ಎರಡು ವರ್ಷ ಸಾಕುವ ಖರ್ಚು ಬೇರೆ. ಇಂಥ ಉದ್ದದ ಪ್ರಯೋಗಕ್ಕೆ ಮೂರು ನಾಲ್ಕು ವರ್ಷ ಬಿಡದೇ ಹಣ ಬರಬೇಕು. ಅಮೆರಿಕದಲ್ಲಿ ಈಗ ಅನುಮಾನವಾಗಿರುವುದು ಅದೇ.